ಬೈರಮಂಗಲದವರಿಗೆ ನೀರಿನ ಪಾಠ ಹೇಳಬೇಡಿ

ವೃಷಭಾವತಿ ನದಿ ದಡದ ಬಡವರಿಗೆ ಒಳ್ಳೆಯದು ಮಾಡುತ್ತೇವೆ ಅಂತ ಬೆಂಗಳೂರಿನಿಂದ ಬಸ್ ಮಾಡಿಕೊಂಡು ಹೋಗುವವರ ಮೇಲೆ ನನಗೆ ವಿಪರೀತ ಸಿಟ್ಟು ಬಂದಿದೆ. ಬಿಡದಿಯಿಂದ ಒಳಗೆ, ಬೈರಮಂಗಲದ ಕಡೆ ನಮ್ಮ ಚಿಕ್ಕಮ್ಮನ ಮನೆ ಇದೆ. ಭಾನುವಾರ ಹೋಗಿದ್ದೆ. ಯಾವುದೋ ಕಂಪನಿಯವರು ಶಾಮಿಯಾನ ಹಾಕಿಸಿ ಊರಿನವರನ್ನು ಕೂರಿಸಿಕೊಂಡಿದ್ದರು. ನೀರನ್ನು ಹಾಳು ಮಾಡಬೇಡಿ ಅಂತ ಭಾಷಣ. ಆಮೇಲೆ ಹೊಂಗೆ ಸಸಿ, ಬಟ್ಟೆ ಚೀಲ, ಫೋಟೋ. ಊಟದ ಹೊತ್ತಿಗೆ ಬಸ್ ವಾಪಸ್ ಹೊರಟಿತು.

ಈ ಮಾತನ್ನು ಯಾರಿಗೆ ಹೇಳುತ್ತಿದ್ದೀರಿ? ವೃಷಭಾವತಿ ಹುಟ್ಟುವುದು ಬೆಂಗಳೂರಿನ ಬಸವನಗುಡಿಯಲ್ಲಿ, ದೊಡ್ಡ ಬಸವಣ್ಣನ ಗುಡಿ ಹತ್ತಿರ. ಗಾಳಿ ಆಂಜನೇಯನ ಗುಡಿ ಪಕ್ಕದಲ್ಲಿ ಹಾದು, ಮೈಸೂರು ರಸ್ತೆ ಉದ್ದಕ್ಕೂ ಹರಿದು, ನಾಯಂಡಹಳ್ಳಿ, ಕೆಂಗೇರಿ ದಾಟುವಷ್ಟರಲ್ಲಿ ಅದಕ್ಕೆ ನಮ್ಮ ಕಕ್ಕಸು, ನಮ್ಮ ಬಚ್ಚಲು, ಪೀಣ್ಯ ಕಡೆಯ ಕಾರ್ಖಾನೆಗಳ ನೀರು ಎಲ್ಲ ಸೇರಿರುತ್ತದೆ. ಬೈರಮಂಗಲ ಕೆರೆಗೆ ಅದು ಬೀಳುವುದು ನೊರೆ ಕಟ್ಟಿಕೊಂಡು. 1940ರ ದಶಕದಲ್ಲಿ ನೀರಾವರಿಗೆ ಅಂತಲೇ ಕಟ್ಟಿದ ಕೆರೆ. ಭತ್ತ ಬೆಳೆಯುತ್ತಿದ್ದ ಗದ್ದೆಗಳಲ್ಲಿ ಈಗ ಬೇಬಿ ಕಾರ್ನ್ ಮತ್ತು ಸೀಮೆಹುಲ್ಲು. ಹುಲ್ಲು ಹಸುವಿಗೆ, ಹಾಲು ಡೈರಿಗೆ, ಬೇಬಿ ಕಾರ್ನ್ ಬೆಂಗಳೂರಿನ ಹೋಟೆಲುಗಳಿಗೆ.

ಒಂದು ಮಾತು ಇಲ್ಲಿವರೆಗೆ ಮನೆಯವರಿಗೂ ಹೇಳಿಲ್ಲ. ಚಿಕ್ಕಮ್ಮ ಕೊಡುವ ಕಾಫಿ ಲೋಟ ಹಿಡಿದಾಗೆಲ್ಲ ನನಗೆ ಹೆದರಿಕೆ ಆಗುತ್ತದೆ. ಈ ನೀರು ಹಾಯಿಸಿದ ಮಣ್ಣಲ್ಲಿ, ತರಕಾರಿಯಲ್ಲಿ ಸೀಸದಂಥ ಭಾರ ಲೋಹಗಳು ಸಿಕ್ಕಿರುವುದನ್ನು ಓದಿದ್ದೇನೆ. ಆದರೆ ಅವರ ಮುಖ ನೋಡಿ ಬೇಡ ಅನ್ನಲು ಬಾಯಿ ಬರುವುದಿಲ್ಲ. ಆ ಹಸುವನ್ನು ಮಗಳ ಹಾಗೆ ಸಾಕಿದ್ದಾರೆ. ಅದರ ಹುಲ್ಲಿಗೆ ಹೋಗುವ ನೀರು ನಾನು ಬೆಂಗಳೂರಲ್ಲಿ ಫ್ಲಶ್ ಮಾಡಿದ್ದು. ಇಷ್ಟೆಲ್ಲ ಅನುಭವಿಸುತ್ತಿರುವವರನ್ನು ಕೂರಿಸಿಕೊಂಡು ನೀರಿನ ಪಾಠ!

ಸುಮ್ನೆ ಇರುವುದಕ್ಕಿಂತ ಇಷ್ಟಾದರೂ ಮಾಡಿದರಲ್ಲ ಅಂತ ಗೆಳತಿಯೊಬ್ಬಳು ಹೇಳಿದಳು. ನಾನು ಒಪ್ಪುವುದಿಲ್ಲ. ಆ ಫೋಟೋ ನೋಡಿದವರಿಗೆ ನದಿ ಕೆಡಿಸುತ್ತಿರುವವರು ಹಳ್ಳಿಯವರೇ ಅನ್ನಿಸುತ್ತದೆ. ಕೊಳಚೆ ಬಿಟ್ಟವರು ತಿಳಿದವರಾಗುತ್ತಾರೆ, ಅದರಲ್ಲಿ ಕಾಲಿಟ್ಟು ಕೆಲಸ ಮಾಡುವವರು ತಿಳಿಯದವರಾಗುತ್ತಾರೆ. ಇದರಿಂದ ಊರಿಗೆ ಏನು ಲಾಭ?

ಹಾಗಾದರೆ ಆ ನೀರನ್ನೇ ಬೇರೆ ಕಡೆ ತಿರುಗಿಸಿಬಿಡಿ ಅನ್ನುವವರೂ ಇದ್ದಾರೆ. ಅದೂ ಊರಿನವರನ್ನು ಕೇಳದೆ ಆಡುವ ಮಾತೇ. ಚಿಕ್ಕಮ್ಮನ ಪಕ್ಕದ ಮನೆಯ ಅಜ್ಜ ನನಗೆ ಹೇಳಿದ್ದು ಇಷ್ಟೇ: "ನೀರು ಬ್ಯಾಡ ಅಂತಲ್ಲ ಕಣವ್ವ. ನೀರು ಬೇಕು. ವಸಿ ಚೆನ್ನಾಗಿರೋದು ಬೇಕು." ನೀರು ನಿಂತರೆ ಹುಲ್ಲಿಲ್ಲ, ಹುಲ್ಲಿಲ್ಲದಿದ್ದರೆ ಡೈರಿ ದುಡ್ಡಿಲ್ಲ. ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಅಲ್ಲಿನವರೂ ಇದನ್ನೇ ಕೇಳುತ್ತಿದ್ದಾರೆ. ನೀರು ಕೊಡಿ, ಎರಡು ಹಂತಕ್ಕೆ ನಿಲ್ಲಿಸದೆ ಮೂರನೇ ಹಂತದವರೆಗೆ ಶುದ್ಧ ಮಾಡಿ ಕೊಡಿ ಅಂತ.

ಬೆಂಗಳೂರಿಗೆ ಕುಡಿಯುವ ನೀರು ತರುವ ಕಾವೇರಿ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಶುರುವಾದಾಗ ನಾವೆಲ್ಲ ಎಷ್ಟು ಖುಷಿಪಟ್ಟೆವು! ದಿನಕ್ಕೆ 77.5 ಕೋಟಿ ಲೀಟರ್ ತರಲು ಕಟ್ಟಿದ ಯೋಜನೆ. ಮನೆಗೆ ಬಂದ ನೀರಲ್ಲಿ ನೂರಕ್ಕೆ ಸುಮಾರು 80 ಪಾಲು ಮೋರಿಗೆ ಹೋಗುತ್ತದೆ. ಅಂದರೆ ನಲ್ಲಿಯಲ್ಲಿ ನೀರು ಜಾಸ್ತಿ ಆದ ಹಾಗೆ ಮೋರಿಯಲ್ಲೂ ಜಾಸ್ತಿ, ಅಲ್ವಾ? ನಗರದ ಪಶ್ಚಿಮ ಭಾಗದ್ದು ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಕನಕಪುರದ ಆಚೆ ಸಂಗಮದಲ್ಲಿ ಮತ್ತೆ ಕಾವೇರಿಗೆ. ಇದು ಬೈರಮಂಗಲದ ಒಬ್ಬರದೇ ಕಷ್ಟ ಅಂದುಕೊಳ್ಳಬೇಡಿ. ಅದರ ಮೇಲೆ ಸರ್ಕಾರ ಕಟ್ಟಲು ಹೊರಟಿರುವ ಬಿಡದಿ ಟೌನ್‌ಷಿಪ್ಪಿಗೆ ಜಮೀನೇ ಹೋಗುತ್ತದೆ ಅನ್ನುವ ಭಯ ಬೇರೆ. ಅಲ್ಲಿನ ರೈತರು ಧರಣಿ ಕೂತರು. ಆ ಶಾಮಿಯಾನದಲ್ಲಿ ಅದರ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ನಿಜವಾಗಿ ಸಹಾಯ ಮಾಡಬೇಕು ಅಂತಿದ್ದರೆ ಬೆಳಗ್ಗೆ ಡೈರಿ ಮುಂದೆ ಕ್ಯಾನ್ ಹಿಡಿದು ನಿಂತ ಹೆಂಗಸರ ಜೊತೆ ಮಾತಾಡಿ. ಏನು ಬೇಕು ಅಂತ ಅವರೇ ಹೇಳುತ್ತಾರೆ. ಬಾವಿ, ಬೋರ್‌ವೆಲ್ ನೀರನ್ನು ತಿಂಗಳು ತಿಂಗಳು ಪರೀಕ್ಷೆ ಮಾಡಿಸಿ, ರಿಪೋರ್ಟನ್ನು ಕನ್ನಡದಲ್ಲಿ ಬರೆದು ಪಂಚಾಯ್ತಿ ಬೋರ್ಡಿಗೆ ಅಂಟಿಸಿ. ಹಾಲನ್ನೂ ಪರೀಕ್ಷೆ ಮಾಡಿಸಿ, ಆದರೆ ಅದಕ್ಕೆ ಮುಂಚೆ ಯೋಚನೆ ಮಾಡಿ: ಹಾಲು ಸರಿ ಇಲ್ಲ ಅಂತ ಬಂದರೆ ಆ ಮನೆಗಳಿಗೆ ಮರುದಿನದಿಂದ ದುಡ್ಡು ಎಲ್ಲಿಂದ ಬರುತ್ತದೆ? ಅದಕ್ಕೆ ದಾರಿ ಇಟ್ಟುಕೊಂಡು ಹೋಗಿ. ಗದ್ದೆಗೆ ಇಳಿಯುವವರಿಗೆ ಗಮ್‌ಬೂಟು ಕೊಡಿ. ಚರ್ಮದ ಡಾಕ್ಟರನ್ನು ಕರೆದುಕೊಂಡು ಹೋಗಿ, ಒಂದು ಸಲ ಅಲ್ಲ, ವರ್ಷವಿಡೀ.

ಇನ್ನೊಂದು ಕೆಲಸಕ್ಕೆ ಬಸ್ಸೇ ಬೇಡ. ನಿಮ್ಮ ಅಪಾರ್ಟ್‌ಮೆಂಟಿನ, ನಿಮ್ಮ ಆಫೀಸಿನ ಕೊಳಚೆ ನೀರು ಶುದ್ಧ ಮಾಡುವ ಘಟಕ, ಅಂದರೆ ಎಸ್‌ಟಿಪಿ ದಿನಾ ಓಡುತ್ತದೆಯಾ, ಇಲ್ಲ ಕರೆಂಟ್ ಬಿಲ್ ಉಳಿಸಲು ಆಫ್ ಮಾಡಿಟ್ಟಿದ್ದಾರಾ ಅಂತ ನಾಳೆ ಬೆಳಗ್ಗೆ ಮೇಂಟೆನೆನ್ಸಿನವರನ್ನು ಕೇಳಿ. ಲಾಗ್ ಬುಕ್ ತೋರಿಸಿ ಅನ್ನಿ. ನಮ್ಮ ಬಿಲ್ಡಿಂಗಿನಲ್ಲಿ ನಾನು ಕೇಳಿದ್ದೇನೆ, ಇನ್ನೂ ತೋರಿಸಿಲ್ಲ. ತೋರಿಸುವ ತನಕ ಬಿಡುವುದಿಲ್ಲ.