ಬೈ ಟು ಕಾಫಿ ಮತ್ತು ಒರೆಸುವ ಬಟ್ಟೆ

ನಿಂತೇ ತಿಂದು ಕುಡಿಯುವ ದರ್ಶಿನಿ ಹೋಟೆಲಿನ ಟೇಬಲ್ ಒರೆಸುವ ಬಟ್ಟೆಯ ಮೇಲೆ ನನಗೆ ತೀರದ ಸಿಟ್ಟು. ತಿಂಗಳ 25 ದಾಟಿದ ಮೇಲೆ ಬೆಂಗಳೂರಿನ ಪಿಜಿ ಪ್ರೇಮಿಗಳಿಗೆ ಗತಿ ಬೈ ಟು ಕಾಫಿಯೊಂದೇ. ಅದನ್ನೂ ನೆಮ್ಮದಿಯಾಗಿ ಕುಡಿಯಲು ಆ ಬಟ್ಟೆ ಬಿಡುವುದಿಲ್ಲ.

1983ರಲ್ಲಿ ಜಯನಗರದಲ್ಲಿ ಮೊದಲ ದರ್ಶಿನಿ ಶುರುವಾದಾಗಿನಿಂದ ಲೆಕ್ಕ ಇಷ್ಟೇ: ಕುರ್ಚಿ ಇಲ್ಲದಿದ್ದರೆ ಗಿರಾಕಿ ಬೇಗ ಜಾಗ ಖಾಲಿ ಮಾಡುತ್ತಾನೆ, ರೇಟೂ ಕಡಿಮೆ ಇಡಬಹುದು. ಜೋಡಿಗಳನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ನಾಲ್ಕು ಗುಟುಕಿನ ಅರ್ಧ ಲೋಟವನ್ನು ಅವರು ಅರ್ಧ ಗಂಟೆ ಎಳೆಯುತ್ತಾರೆ. ಐದೇ ನಿಮಿಷಕ್ಕೆ ಬಟ್ಟೆ ಹಾಜರ್. ಮೊದಲ ಸುತ್ತು ಟೇಬಲ್ಲಿನ ಅಂಚಿಗೆ. ಎರಡನೆಯದು ಅವನ ಮೊಣಕೈ ಬುಡಕ್ಕೆ: ‘ಸಾರ್, ಸ್ವಲ್ಪ ಕೈ ತೆಗೀರಿ.’ ಮೂರನೆಯದು ಎರಡು ಲೋಟಗಳ ನಡುವೆ, ಸರಿಯಾಗಿ ಅವಳು ‘ಮನೇಲಿ ಗಂಡು ನೋಡ್ತಿದಾರೆ ಕಣೋ’ ಎನ್ನುವ ಹೊತ್ತಿಗೆ. ನಾಲ್ಕನೇ ಸುತ್ತಿಗೆ ಖಾಲಿ ಲೋಟ ಮಾಯ. ಲೋಟ ಹೋದ ಮೇಲೆ ಟೇಬಲ್ ನಿಮ್ಮದಲ್ಲ. ಅದಕ್ಕೇ ಪಳಗಿದವರು ತಳದಲ್ಲಿ ಒಂದು ಗುಟುಕು ತಣ್ಣನೆ ಕಾಫಿ ಉಳಿಸಿಕೊಂಡೇ ಇರುತ್ತಾರೆ.

ಇನ್ನೆಲ್ಲಿ ಹೋಗಬೇಕು? ಅವಳ ಪಿಜಿಯ ಗೇಟು ಅವನಿಗೆ ತೆರೆಯದು. ಮೆಟ್ರೋ ನಿಲ್ದಾಣದೊಳಗೆ ತಂಪಾಗಿ ಕೂತರೆ, 20 ನಿಮಿಷ ಮೀರಿ ಅದೇ ನಿಲ್ದಾಣದಿಂದ ಹೊರಬಂದವರಿಗೆ ದಂಡ. ಲಾಲ್‌ಬಾಗ್ ಬೆಳಗಿನ ವಾಕಿಂಗ್ ಹೊತ್ತಿನಲ್ಲಿ ಪುಕ್ಕಟೆ, ಆದರೆ ನೈಟ್ ಶಿಫ್ಟ್ ಮುಗಿಸಿ ಬಂದವರು ಬೆಂಚಿನ ಮೇಲೆ ಪ್ರೀತಿಸುವುದಿಲ್ಲ, ತೂಕಡಿಸುತ್ತಾರೆ. ಕಬ್ಬನ್ ಪಾರ್ಕಿಗೆ ಟಿಕೆಟ್ ಇಲ್ಲ, ಸೆಕ್ಯುರಿಟಿಯ ಸೀಟಿ ಉಂಟು.

ಉಳಿದದ್ದು ಬಸ್ಸು. ಮೆಜೆಸ್ಟಿಕ್‌ನಿಂದ ಕಾಡುಗೋಡಿಯ 335-ಇ ಹತ್ತಿದರೆ ಸಂಜೆ ಹೊತ್ತು ಎರಡು ಗಂಟೆಗೇನೂ ಮೋಸವಿಲ್ಲ. ಟ್ರಾಫಿಕ್ ಜಾಮನ್ನು ಹರಸುವವರು ಈ ಊರಲ್ಲಿ ಇವರಿಬ್ಬರೇ ಇರಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಅವಳಿಗೆ ಶೂನ್ಯ ಟಿಕೆಟ್. ಆಧಾರ್‌ನಲ್ಲಿ ಕರ್ನಾಟಕದ ವಿಳಾಸ ಇರಬೇಕು, ಎಸಿ ವಜ್ರ ಹತ್ತಬಾರದು, ಅಷ್ಟೇ. ಖರ್ಚು ಅವನೊಬ್ಬನದೇ. ತೊಡಕೆಂದರೆ, ಮುಂದಿನ ಸೀಟುಗಳು ಹೆಂಗಸರಿಗೆ. ಅವಳು ಮುಂದೆ ಕಿಟಕಿ ಪಕ್ಕ, ಅವನು ಹಿಂದೆ ಕಂಬಿ ಹಿಡಿದು, ನಡುವೆ ವಾಟ್ಸಾಪ್. ಊರಿನ ಅಮ್ಮನಿಗೆ ಹೇಳಲಾಗದ್ದು, ರೂಮ್‌ಮೇಟ್ ಕೇಳಿಸಿಕೊಳ್ಳದ್ದು ಎಲ್ಲ ಅಲ್ಲಿ ಟೈಪ್ ಆಗುತ್ತದೆ. ಅವಳು ನಕ್ಕರೆ ಹಿಂದಿನಿಂದ ಜಡೆ ಅಲುಗುವುದು ಕಾಣಿಸುತ್ತದೆ. ಅವನಿಗೆ ಆ ದಿನಕ್ಕೆ ಅಷ್ಟು ಸಾಕು.

ಮನೆ ಮಾಡೋಣವೆಂದರೆ 15,000 ಬಾಡಿಗೆಗೆ ಹತ್ತು ತಿಂಗಳ ಅಡ್ವಾನ್ಸು, ಅಂದರೆ ಒಂದೂವರೆ ಲಕ್ಷ. ಕರಾರು ಮಾತ್ರ 11 ತಿಂಗಳದ್ದು. ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಲ್ಲ! ಓನರ್ ಮದುವೆ ಸರ್ಟಿಫಿಕೇಟ್ ಕೇಳುತ್ತಾರೆ. ಮದುವೆ ಮಾಡಿಕೊಡಿ ಎಂದರೆ ಹುಡುಗಿಯ ಅಪ್ಪ ‘ಸ್ವಂತ ಮನೆ ಇದೆಯೇನಪ್ಪಾ?’ ಎನ್ನುತ್ತಾರೆ. ಇಬ್ಬರು ಯಜಮಾನರನ್ನೂ ಒಂದು ಸಂಜೆ 335-ಇಗೆ ಹತ್ತಿಸಬೇಕು, ಕಾಡುಗೋಡಿವರೆಗೂ ನಿಲ್ಲಿಸಿಕೊಂಡೇ.