‘ಗ್ರಂಥ ಮಾತ್ರ’ ಎಂದರೆ ಉಳಿದದ್ದೆಲ್ಲ ಬೇಡವೆಂದಲ್ಲ

‘ಲೂಥರನ್ ಕ್ರೈಸ್ತರಿಗೆ ಬೈಬಲ್ ಬಿಟ್ಟು ಬೇರೇನೂ ಬೇಡ, ಪರಂಪರೆಯನ್ನೆಲ್ಲ ಲೂಥರ್ ಕಿತ್ತೆಸೆದರು’ ಎಂಬ ವಾಟ್ಸ್‌ಆ್ಯಪ್ ಸಂದೇಶ ಬಳ್ಳಾರಿಯಲ್ಲಿ ಹರಿದಾಡುತ್ತಿದೆ. ಕೌಲ್ ಬಜಾರಿನ ಗೆಳೆಯರೊಬ್ಬರು ಮೊಬೈಲ್ ಮುಂದೆ ಹಿಡಿದು ‘ಹೌದೇ?’ ಎಂದು ಕೇಳಿದಾಗ ನೋವಾಯಿತು. ಇದು ತಪ್ಪು. ಹದಿನಾರನೇ ಶತಮಾನದ ಜರ್ಮನ್ ಸಭಾ ಸುಧಾರಕ ಮಾರ್ಟಿನ್ ಲೂಥರ್ ಅವರ ‘ಗ್ರಂಥ ಮಾತ್ರ’ ಎಂಬ ತತ್ವವನ್ನು ಹೀಗೆ ತಪ್ಪಾಗಿ ಅರ್ಥ ಮಾಡಿಕೊಳ್ಳಲಾಗಿದೆ.

1529ರಲ್ಲಿ ಮಕ್ಕಳಿಗೆ ನಂಬಿಕೆಯನ್ನು ಕಲಿಸಲು ಲೂಥರ್ ಪ್ರಶ್ನೋತ್ತರವಾಗಿ ಬರೆದ ಕಿರು ಧರ್ಮೋಪದೇಶವನ್ನೇ ತೆರೆಯಿರಿ: ದಶಾಜ್ಞೆಗಳ ಬೆನ್ನಿಗೇ ಪ್ರಾಚೀನ ಸಭೆಯ ವಿಶ್ವಾಸ ಪ್ರಮಾಣ (ನಂಬಿಕೆಯ ಸಾರವನ್ನು ಹೇಳುವ ಚಿಕ್ಕ ಘೋಷಣೆ), ಅದರ ಒಂದೊಂದು ಭಾಗಕ್ಕೂ ‘ಇದರ ಅರ್ಥವೇನು?’ ಎಂಬ ಪ್ರಶ್ನೆ. ಪರಂಪರೆಯನ್ನು ಎಸೆಯುವವರು ಅದನ್ನು ಮಕ್ಕಳಿಗೆ ಕಲಿಸುತ್ತಾರೆಯೇ? ಲೂಥರನ್ನರು ತಮ್ಮ ಬೋಧನೆಯನ್ನು ನಿರೂಪಿಸಿದ 1577ರ ಐಕ್ಯ ಸೂತ್ರದ ನಿಲುವು ಸ್ಪಷ್ಟ. ಎಲ್ಲ ಬೋಧನೆಗಳನ್ನೂ ತಿಕ್ಕಿ ನೋಡುವ ಒರೆಗಲ್ಲು ಪವಿತ್ರ ಗ್ರಂಥವೊಂದೇ. ವಿಶ್ವಾಸ ಪ್ರಮಾಣಗಳು ಸಾಕ್ಷಿಗಳು, ನ್ಯಾಯಾಧೀಶರಲ್ಲ.

ಹೀಬ್ರೂ ಬೈಬಲಿನಲ್ಲಿಲ್ಲದ ಪ್ರಾಚೀನ ಯೆಹೂದಿ ಬರಹಗಳಾದ ಅಪಾಕ್ರಿಫ ಗ್ರಂಥಗಳನ್ನು ಲೂಥರ್ ಹರಿದು ಹಾಕಿದರೆಂಬುದೂ ಸುಳ್ಳು. 1534ರ ಅವರ ಜರ್ಮನ್ ಬೈಬಲಿನಲ್ಲಿ ಅವು ಇವೆ, ಪವಿತ್ರ ಗ್ರಂಥಕ್ಕೆ ಸಮವಲ್ಲದಿದ್ದರೂ ಓದಲು ಒಳ್ಳೆಯವು ಎಂಬ ಮಾತಿನೊಂದಿಗೆ.