'ಮುಂದೆ' ಎಂಬ ದೊಡ್ಡಾಸ್ಪತ್ರೆ

ಉತ್ತರ ಕನ್ನಡದಲ್ಲಿ 'ಮುಂದೆ' ಎಂಬ ಹೆಸರಿನ ಭಾರೀ ಆಸ್ಪತ್ರೆಯೊಂದಿದೆ. ಕಟ್ಟಡ ಯಾರೂ ಕಂಡಿಲ್ಲ. ಆದರೆ 12 ತಾಲೂಕಿನಲ್ಲೂ ಚೀಟಿ ಬರೆಯುವುದು ಅದಕ್ಕೇ: 'ಇಲ್ಲಿ ಆಗೋದಿಲ್ಲ, ಮುಂದೆ ಕರ್ಕೊಂಡು ಹೋಗಿ.' ಕಾರವಾರದವರ 'ಮುಂದೆ' ಗೋವಾದ ಬಾಂಬೋಳಿಯಲ್ಲಿದೆ, ಹೊನ್ನಾವರ-ಭಟ್ಕಳದವರದ್ದು ಮಣಿಪಾಲದಲ್ಲಿ, ಶಿರಸಿಯ ನಮ್ಮದು ಹುಬ್ಬಳ್ಳಿಯಲ್ಲಿ. ಎಲ್ಲಿಗೆ ಒಯ್ಯಬೇಕೆಂಬ ಖಚಿತ ಅಭಿಪ್ರಾಯ ಕೊಡುವವನು ಆಂಬುಲೆನ್ಸ್ ಡ್ರೈವರ್ ಒಬ್ಬನೇ. ಅವನಿಗೆ ಫೀಸೂ ಇಲ್ಲ.

2019ರಲ್ಲಿ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ಟ್ವಿಟರಿನಲ್ಲಿ ಕೇಳಿದೆವು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಉಡುಪಿ ಕಡೆ ಓಡಿದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಉರುಳಿ 4 ಜನ ತೀರಿಹೋದರು; ಮತ್ತೆ ಕೇಳಿದೆವು. ಆಸ್ಪತ್ರೆ ಘಟ್ಟದ ಮೇಲೋ ಕೆಳಗೋ ಎಂದು ನಮ್ಮನಮ್ಮಲ್ಲೇ ಜಗಳ ಹಚ್ಚಿಕೊಂಡೆವು. ಕೈಗಾದಲ್ಲಿ ಪರಮಾಣು ಸೀಳುವ ಜಿಲ್ಲೆ ಇದು. ಮಂಡಿಗೆ ಸುತ್ತಿಗೆ ಬಡಿದು ನರ ನೋಡುವವರು ಮಾತ್ರ ಹೊರಗಿನಿಂದ ಬರಬೇಕು. ಬರುತ್ತಾರೆ ಕೂಡ. ಮೆಡಿಕಲ್ ಶಾಪುಗಳೆದುರು ಬೋರ್ಡ್ ಇರುತ್ತದಲ್ಲ, 'ತಜ್ಞರು ಪ್ರತಿ ತಿಂಗಳ 2ನೇ ಶನಿವಾರ ಲಭ್ಯ' ಎಂದು. ಕ್ಯಾಲೆಂಡರ್ ನೋಡಿ ಕಾಯಿಲೆ ಬೀಳುವ ಶಿಸ್ತು ನಮಗಿನ್ನೂ ಬಂದಿಲ್ಲ, ಅಷ್ಟೇ.

ನಮ್ಮ ಚಿಕ್ಕಿಯ ಎಡಗಾಲು ಜೋಮು ಹಿಡಿದು 3 ತಿಂಗಳಾಗಿತ್ತು. ಪೇಟೆಯ ಡಾಕ್ಟರು ವಿಟಮಿನ್ ಗುಳಿಗೆ ಬದಲಿಸುತ್ತ ಬಂದರು: ಮೊದಲು ಕೆಂಪು, ಆಮೇಲೆ ಹಳದಿ. ನಾನು ತಡೆಯಲಾರದೆ ಕೇಳಿದೆ, 'ಡಾಕ್ಟ್ರೇ, ಇದು ಯಾವ ಕಾಯಿಲೆ?' ಮದುವೆ ಮಂಟಪದಲ್ಲಿ ಮಂತ್ರದ ಅರ್ಥ ಕೇಳಿದವನನ್ನು ಭಟ್ಟರು ನೋಡುವ ಹಾಗೆ ನೋಡಿದರು.

'ನರದ ಡಾಕ್ಟರಿಗೆ ತೋರಿಸಬೇಕಾಗ್ತದ?'

'ಯಾಕೆ, ನೀವು ಡಾಕ್ಟರಾ?'

'ಅಲ್ಲ. ಹಾಗಾದ್ರೆ ಎಲ್ಲ ರಿಪೋರ್ಟಿನ ಪ್ರತಿ ಕೊಡಿ.'

'ಓಹೋ, ವಕೀಲರಾ?'

5 ನಿಮಿಷದಲ್ಲಿ 2 ಪದವಿ. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮವೇ ಇದೆ. ಕೌಂಟರಿನ ಹುಡುಗಿಗೆ ಅದನ್ನು ಹೇಳಿದೆ. ಅವಳು ಪಾಪ ವಿನಯದಿಂದಲೇ, 'ಜೆರಾಕ್ಸ್ ಮಷಿನ್ ಹಾಳಾಗಿದೆ ಸರ್' ಎಂದಳು. ಚಿಕ್ಕಿ ನನ್ನ ಅಂಗಿ ಎಳೆದಳು: 'ಸುಮ್ನಿರು ತಮಾ. ಡಾಕ್ಟ್ರಿಗೆ ಸಿಟ್ಟು ಬಂದ್ರೆ ಸೂಜಿ ದಪ್ಪಂದೇ ಬತ್ತು.'

ಕೊನೆಗೆ ಡಾಕ್ಟರು ತಲೆಯೆತ್ತದೆ ಬರೆದರು: 'ಮುಂದೆ.'

ನಸುಕಿಗೇ ಬಾಡಿಗೆ ಕಾರು ಮಾಡಿ ಹುಬ್ಬಳ್ಳಿಗೆ ಹೊರಟೆವು. ನೂರು ಕಿಲೋಮೀಟರು ದಾರಿಯಲ್ಲಿ ಹೊಂಡ ಬಂದಾಗೆಲ್ಲ ಚಿಕ್ಕಿ, 'ಕಾಲಿಗೆ ಸ್ವಲ್ಪ ಜೀವ ಬಂದಾಂಗಾತು' ಎನ್ನುತ್ತಿದ್ದಳು. ಟೋಕನ್ 43. ಊಟದ ಹೊತ್ತು ಮೀರಿದ ಮೇಲೆ ಒಳಗೆ ಕರೆದರು. ತಜ್ಞರು ಒಳ್ಳೆಯ ಮನುಷ್ಯ. ಸುತ್ತಿಗೆಯಲ್ಲಿ ಮಂಡಿ ಬಡಿದರು, ಕಾಲೆತ್ತಿಸಿದರು, ಸ್ಕ್ಯಾನ್ ಮಾಡಿಸಿ ನೋಡಿ, ಸೊಂಟದ ಡಿಸ್ಕ್ ಜರುಗಿ ನರ ಒತ್ತುತ್ತಿದೆ ಎಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಕಾಯಿಲೆಗೊಂದು ಹೆಸರು ಸಿಕ್ಕಿದ್ದಕ್ಕೆ ಚಿಕ್ಕಿಗೆ ಅರ್ಧ ಗುಣವಾಗಿತ್ತು.

'ಯಾವೂರ್ರಿ ನಿಮ್ದು?'

'ಶಿರಸಿ.'

'ಇಷ್ಟು ದೂರ ಯಾಕ ಬಂದ್ರಿ? ಎರಡನೇ ಶನಿವಾರ ನಾನ ಅಲ್ಲಿಗೆ ಬರ್ತೀನಲ್ರಿ.' ಪೇಟೆಯ ಡಾಕ್ಟರ ಚೀಟಿ ತಿರುವಿ ನೋಡಿ ನಕ್ಕರು. 'ಇವ್ರ ಆಸ್ಪತ್ರಿ ಮ್ಯಾಲಿನ ಕೋಣ್ಯಾಗ ಕೂಡ್ತೀನಿ!'

ನಾನು ಬಾಯಿ ಬಿಟ್ಟುಕೊಂಡು ನಿಂತೆ. ಚಿಕ್ಕಿಯೇ ಸಮಾಧಾನ ಮಾಡಿದಳು: 'ಬಿಡಾ ತಮಾ. ಈ ಕಾಲಲ್ಲಿ ಆ ಮೆಟ್ಲು ಹತ್ತಲೆ ಆಗ್ತಿತ್ತಿಲ್ಲೆ.'